ಅಪ್ಪ ನಂಬದ ಕಂಪನಿಯ ಕಾರು

ಕಾರು ತರುವ ಮಾತು ನಮ್ಮ ಮನೆಯಲ್ಲಿ ಎದ್ದು, ನಾನು ಆ ಕಂಪನಿಯ ಹೆಸರು ಹೇಳಿದ ಕೂಡಲೇ ಅಪ್ಪ ಫೋನಿನಲ್ಲೇ ನಕ್ಕ. ಖುಷಿಯ ನಗುವಲ್ಲ. ತನ್ನ ಬಟ್ಟೆ ಅಂಗಡಿಗೆ ಬಂದವರು ಗಂಟೆಗಟ್ಟಲೆ ಸೀರೆ ಹರವಿಸಿ ಕೊನೆಗೆ ಬಾಯಿಗೆ ಬಂದ ಬೆಲೆ ಕೇಳಿದಾಗ ನಗುತ್ತಿದ್ದನಲ್ಲ, ಆ ನಗು.

“ಅದ ಕಂಪನೀನ? ಯವ್ವಾ, ಲೋಕದಾಗ ಬ್ಯಾರೆ ಗಾಡಿ ಇಲ್ಲೇನು?”

“ಅಪ್ಪಾ, ಆಗಿನಂಗ ಇಲ್ಲ ಈಗ. ಭಾಳ ಸುಧಾರಿಸ್ಯಾರಂತ. ವಾರಂಟಿನೂ ಮೊದಲಿಗಿಂತ ಎಷ್ಟೋ ವರ್ಷ ಹೆಚ್ಚಿಗೆ ಕೊಡ್ತಾರ.”

“ವಾರಂಟಿ ಯಾಕ ಕೊಡ್ತಾರ ಹೇಳು? ಕೆಡತೈತಿ ಅಂತ ಅವರಿಗೆ ಗೊತ್ತೈತಿ, ಅದಕ್ಕ ಕೊಡ್ತಾರ.”

ಅಷ್ಟು ಹೇಳಿ ಫೋನನ್ನು ಅವ್ವನ ಕೈಗೆ ಕೊಟ್ಟ. ಅವ್ವ ಕಾರಿನ ಸುದ್ದಿ ಬಿಟ್ಟು ಊಟ ಆಯಿತೇ ಎಂದು ಕೇಳಿದಳು.

ನಾನು ಜೋಯಿಡಾದ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮನೆ ದಾಂಡೇಲಿಯಲ್ಲಿ. ನಮ್ಮ ಮನೆಯವರಿಗೆ ಮಿಲ್ಲಿನಲ್ಲಿ ಶಿಫ್ಟ್ ಕೆಲಸ. ಅವರು ಸೈಕಲ್ಲಿನ ಮೇಲೆ ಹೋಗಿ ಬರುತ್ತಾರೆ, ಸ್ಟೇರಿಂಗ್ ಮುಟ್ಟುವ ಆಸೆ ಅವರಿಗೆ ಯಾವತ್ತೂ ಇರಲಿಲ್ಲ. ನನಗೆ ಮಾತ್ರ ದಿನವೂ ಬಸ್ಸು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಯಾವಾಗ ಎಂದು ಹೇಳುವಂತಿಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಡಲೆಂದು ದೂರದ ಹಳ್ಳಿಗಳಿಂದ ನಡೆದು ಬಂದವರು ಲ್ಯಾಬಿನ ಬಾಗಿಲ ಮುಂದೆ ಕೂತಿರುತ್ತಾರೆ. ನಾನು ತಡವಾಗಿ ಓಡೋಡಿ ಹೋದರೆ ಅವರು ಏನೂ ಅನ್ನುವುದಿಲ್ಲ, ಸುಮ್ಮನೆ ಏಳುತ್ತಾರೆ. ಆ ಸುಮ್ಮನೆ ಏಳುವುದನ್ನು ನೋಡಲಾರದೆ ನಾನು ಕಾರು ಕಲಿತದ್ದು. ನಲವತ್ತು ದಾಟಿದ ಮೇಲೆ, ದಾಂಡೇಲಿಯ ಮೈದಾನದಲ್ಲಿ, ಕಾಲೇಜು ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಕಲಿತೆ.

ನಮ್ಮ ಕೈಗೆ ಎಟುಕುವ ಬೆಲೆಯಲ್ಲಿ, ಆ ತಗ್ಗು ದಿಣ್ಣೆಯ ರಸ್ತೆಗೆ ಹೊಟ್ಟೆ ತಾಗದಷ್ಟು ಎತ್ತರವಾಗಿ, ಹಿಂದೆ ಮೂರು ಮಂದಿ ಮೈ ಒತ್ತದೆ ಕೂರುವ ಹಾಗೆ ಇದ್ದದ್ದು ಆ ಕಂಪನಿಯ ಕಾರೇ. ಬೇರೆ ಯಾವುದಾದರೂ ಇದ್ದಿದ್ದರೆ ಅಪ್ಪನ ಮನಸ್ಸು ನೋಯಿಸಲು ನನಗೂ ಇಷ್ಟವಿರಲಿಲ್ಲ.

ಯಾಕೆಂದರೆ ಆ ಹೆಸರು ಅಪ್ಪನಿಗೆ ಬರೀ ಹೆಸರಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಅದೇ ಕಂಪನಿಯ ಕಾರು ಕೊಂಡಿದ್ದ. ನಮ್ಮೂರು ಚಿಗಳ್ಳಿ, ಅಪ್ಪನ ಬಟ್ಟೆ ಅಂಗಡಿ ಮುಂಡಗೋಡದ ಪೇಟೆಯಲ್ಲಿ. ಆಗ ಪೇಟೆಯಲ್ಲಿ ಕಾರಿದ್ದ ಅಂಗಡಿಕಾರರು ಕೆಲವೇ ಮಂದಿ. ಅಪ್ಪ ಮುಂದೆ ಚೆಂಡು ಹೂವಿನ ಮಾಲೆ ಹಾಕಿಸಿ, ಈಶ್ವರನ ಗುಡಿಗೆ ಒಂದು ಸುತ್ತು ಬಂದು, ಅಂಗಡಿಯ ಎದುರಿಗೆ ನಿಲ್ಲಿಸಿದ. ಒಂದು ವಾರ ಗಿರಾಕಿಗಳಿಗೆಲ್ಲ ಚಹಾ.

ಮೊದಲ ಮಳೆಗೇ ಕಾರು ಸೋರಿತು. ಮುಂದಿನ ಗಾಜಿನ ಮೂಲೆಯಿಂದ ನೀರು ಇಳಿದು ಅವ್ವನ ಮಡಿಲಿಗೆ ಬೀಳುತ್ತಿತ್ತು. ಬಾಗಿಲು ಒಂದು ಸಲಕ್ಕೆ ಮುಚ್ಚಿದ್ದೇ ಇಲ್ಲ. ಎರಡು ಸಲ ಬಡಿಯಬೇಕು, ಆ ಸದ್ದಿಗೆ ಓಣಿಯ ನಾಯಿಗಳೆಲ್ಲ ಬೊಗಳುತ್ತಿದ್ದವು. ಅವ್ವ ಒಂದು ದಿನ ತಡೆಯಲಾರದೆ ಕಾರಿನೊಳಗೇ ಛತ್ರಿ ಬಿಚ್ಚಿಕೊಂಡು ಕೂತಳು. ಅದನ್ನು ಕಂಡವರು ಯಾರೋ ಪೇಟೆಯಲ್ಲಿ ಹೇಳಿದರು. ಅಂದಿನಿಂದ ಕಾರಿಗೆ ‘ಡಬ್ಬಿ’ ಎಂದು ಹೆಸರಾಯಿತು. ಅಪ್ಪನಿಗೂ ಅದು ಅಂಟಿಕೊಂಡಿತು: ‘ಡಬ್ಬಿ ಸಾವ್ಕಾರ’.

ನನ್ನ ಮದುವೆಗೆ ದಿಬ್ಬಣ ದಾಂಡೇಲಿಗೆ ಹೊರಟಾಗ ಸಾಂಬ್ರಾಣಿ ದಾಟಿದ ಮೇಲೆ ಕಾರು ನಿಂತೇ ಹೋಯಿತು. ಮೈತುಂಬ ಅರಿಶಿನದ ವಾಸನೆ, ತಲೆಯಲ್ಲಿ ಹೂವಿನ ದಂಡೆ, ನಾನು ಭತ್ತದ ಗದ್ದೆಯ ಬದುವಿನ ಮೇಲೆ ಕೂತಿದ್ದೆ. ಹಳಿಯಾಳದಿಂದ ಒಬ್ಬ ತರುಣ ಮಿಸ್ತ್ರಿ ಸ್ಕೂಟರಿನಲ್ಲಿ ಬಂದು ಗಾಡಿ ಚಾಲೂ ಮಾಡಿಕೊಟ್ಟ. ಮತ್ತೆ ನಿಂತರೆ ಎಂದು ಹಿಂದೆಯೇ ಬಂದ. ಮುಹೂರ್ತ ತಪ್ಪಲಿಲ್ಲ. ಅವನಿಗೆ ಅಪ್ಪ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದ. ಆಮೇಲೆ ಅವನು ದಾಂಡೇಲಿಯಲ್ಲೇ ಗ್ಯಾರೇಜು ಹಾಕಿದ, ನಮ್ಮ ಮನೆಯವರಿಗೆ ಗೆಳೆಯನಾದ, ನನ್ನನ್ನು ‘ವೈನಿ’ ಎಂದು ಕರೆಯತೊಡಗಿದ. ನಮ್ಮಲ್ಲಿ ಅಣ್ಣನ ಹೆಂಡತಿಗೆ ಹಾಗೆನ್ನುತ್ತಾರೆ. ನಾನು ಅವನನ್ನು ಭಾಯಿ ಎನ್ನುತ್ತೇನೆ.

ಆದರೆ ಅಪ್ಪನಿಗೆ ನೋವಾದದ್ದು ಕಾರು ನಿಂತದ್ದಕ್ಕಲ್ಲ. ಮದುವೆಯ ಮರುವಾರ ಅವನು ಕಾರು ಮಾರಿದವರ ಹತ್ತಿರ ಹೋಗಿದ್ದ. ಅಲ್ಲಿದ್ದವನು ಕುರ್ಚಿಯಿಂದ ಏಳದೆ, “ಅಗ್ಗದ ಗಾಡಿ ತಗೊಂಡ್ರ ಹಿಂಗ ಆಗೂದ್ರಿ ಸಾವ್ಕಾರ” ಎಂದನಂತೆ. ಅಪ್ಪ ಸಾಮಾನ್ಯ ದರದ ಸೀರೆಗಳನ್ನು ಮಾರುತ್ತಿದ್ದವನು. ಬಣ್ಣ ಬಿಟ್ಟಿತೆಂದು ಯಾರಾದರೂ ಸೀರೆ ವಾಪಸು ತಂದರೆ ಒಂದು ಮಾತೂ ಆಡದೆ ಬೇರೆ ಕೊಡುತ್ತಿದ್ದ. ಅಗ್ಗದ್ದು ಎಂದರೆ ಕೆಟ್ಟದ್ದು ಎಂಬ ಮಾತನ್ನು ಅವನಿಗೆ ಸಹಿಸಲಾಗಲಿಲ್ಲ. ಕಾರು ಮಾರಿದ. ಮತ್ತೆ ಬಸ್ಸಿಗೇ ಬಂದ.

ಇದೆಲ್ಲ ಗೊತ್ತಿದ್ದೇ ನಾನು ಆ ಹೆಸರೆತ್ತಿದ್ದು. ಅದಕ್ಕೇ ಫೋನಿಟ್ಟ ಮೇಲೂ ಅಪ್ಪನ ಮಾತು ತಲೆಯಲ್ಲಿ ಉಳಿಯಿತು. ವಾರಂಟಿ ಹೆಚ್ಚು ಕೊಟ್ಟರೆ ಗಾಡಿ ಗಟ್ಟಿ ಎಂದೋ, ಗಿರಾಕಿಯ ಅನುಮಾನ ಗಟ್ಟಿ ಎಂದೋ? ಕೇಳಲು ಗ್ಯಾರೇಜಿಗೆ ಹೋದೆ.

ಭಾಯಿ ಒಂದು ಜೀಪಿನ ಕೆಳಗಿನಿಂದ ಹೊರಬಂದ. ಈಗ ಗಡ್ಡ ಬೆಳ್ಳಗಾಗಿದೆ.

“ವೈನಿ, ಆ ಕಂಪನಿಗೆ ನಾ ಬೈಯಾಂಗಿಲ್ಲ. ಅದರ ಹಳೇ ಗಾಡಿಗೋಳು ನನ್ನ ಮನಿ ಕಟ್ಟಿಸ್ಯಾವು” ಎಂದು ನಕ್ಕ.

“ಹೊಸಾವು ಹೆಂಗದಾವು?”

“ಹೊಸಾವು ನನ್ನ ಕಡೆ ಬರವಲ್ಲವು.”

“ಅಂದ್ರ ಚಲೋ ಅದಾವು ಅಂತ ಆತಲ್ಲ?”

ಅವನು ಬಟ್ಟೆಯಲ್ಲಿ ಬೆರಳು ಒಂದೊಂದೇ ಒರೆಸಿಕೊಂಡ. “ಹಂಗ ಹೇಳಾಕ ಬರಂಗಿಲ್ರಿ. ವಾರಂಟಿ ಇರೂತನಕ ಎಲ್ಲಾರೂ ಸೀದಾ ಹುಬ್ಬಳ್ಳಿಗೆ ಹೋಗ್ತಾರ. ಗಾಡಿ ಕೆಡವಲ್ಲವೋ, ಕೆಟ್ರೂ ಇಲ್ಲಿಗೆ ಬರವಲ್ಲವೋ, ನನಗ ಹೆಂಗ ಗೊತ್ತಾಗಬೇಕು?”

ಈ ಉತ್ತರ ನನಗೆ ಹಿಡಿಸಿತು. ನಮ್ಮ ಲ್ಯಾಬಿನಲ್ಲೂ ಹಾಗೆಯೇ. ಬಾರದ ರಕ್ತದ ಮೇಲೆ ರೋಗ ಇಲ್ಲ ಎಂದು ಬರೆಯಲಾಗುವುದಿಲ್ಲ.

“ಹೊಸಾ ಗಾಡಿ ನೋಡಬ್ಯಾಡ್ರಿ ವೈನಿ. ಹೊಸಾದು ಎಲ್ಲಾನೂ ಚಂದ. ನಾಕೈದು ಮಳಿಗಾಲ ಕಂಡದ್ದು ಒಂದು ಹುಡುಕ್ರಿ. ಇಬ್ಬರೂ ಕೂಡಿ ನೋಡೂಣು.”

ಹುಡುಕುವುದು ಕಷ್ಟವಾಗಲಿಲ್ಲ. ಜೋಯಿಡಾದ ಆಚೆ ಹೋಂಸ್ಟೇ ನಡೆಸುವ ಕೊಂಕಣಿಯವರೊಬ್ಬರು ಸಕ್ಕರೆ ಪರೀಕ್ಷೆಗೆಂದು ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ಅವರ ಹತ್ತಿರ ಅದೇ ಕಾರು, ಅದೇ ಮಾದರಿ. ಕೆಂಪು ಮಣ್ಣು ಬಾಗಿಲ ತನಕ ಹತ್ತಿ ಗಟ್ಟಿಯಾಗಿತ್ತು. ಕೇಳಿದ ಕೂಡಲೇ ಒಪ್ಪಿದರು. ಒಂದು ಭಾನುವಾರ ದಾಂಡೇಲಿಗೆ ಬಂದವರು ಗ್ಯಾರೇಜಿಗೇ ಕಾರು ತಂದರು.

ಭಾಯಿ ಅದನ್ನು ನೆಲದ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಬ್ಯಾಟರಿ ದೀಪ ಹಿಡಿದು ಕೆಳಗಿಳಿದ. ನಾನು ಹೊರಗೆ ಸ್ಟೂಲಿನ ಮೇಲೆ ಕೂತು ಮಾಲಕರನ್ನು ಕೇಳಿದೆ.

“ತೊಂದರೆ ಏನರ ಬಂದಿತ್ತೇನ್ರಿ?”

“ಎರಡು ಸಲ ಬಂದಿತ್ರಿ. ಒಮ್ಮೆ ಕ್ಲಚ್ಚು, ಒಮ್ಮೆ ಏಸಿ. ಎರಡೂ ಸಲ ವಾರಂಟಿಯೊಳಗ ಮಾಡಿಕೊಟ್ರು, ಕೈಯಿಂದ ಏನೂ ಹತ್ತಲಿಲ್ಲ.”

“ಮತ್ತ ಗಾಡಿ ಚಲೋ ಐತಿ ಅಂತೀರೇನು?”

“ಗಾಡಿ ಚಲೋ ಐತ್ರಿ ಮೇಡಂ. ಹುಬ್ಬಳ್ಳಿ ದೂರ ಐತಿ.”

ಆಮೇಲೆ ಎಷ್ಟೋ ಸಲ ನನಗೆ ಈ ಮಾತು ನೆನಪಾಗಿದೆ. ಅಷ್ಟು ಸರಿಯಾದ ಮಾತನ್ನು ಆ ಕಾರಿನ ಬಗ್ಗೆ ಮತ್ಯಾರೂ ಹೇಳಲಿಲ್ಲ.

ಭಾಯಿ ಮೇಲೆ ಬಂದಾಗ ಅವನ ಮುಖದಲ್ಲಿ ಒಂದು ಥರದ ಅಚ್ಚರಿ ಇತ್ತು, ಸ್ವಲ್ಪ ಬೇಸರವೂ ಇತ್ತೇನೋ. “ತುಕ್ಕು ಅಷ್ಟಾಗಿ ಹಿಡಿದಿಲ್ಲ. ಸೈಲೆನ್ಸರ್ ಹತ್ರ ಒಂದಿಷ್ಟು ಐತಿ, ಅದು ಎಲ್ಲಾ ಗಾಡಿಗೂ ಇರತೈತಿ. ಬೆಸುಗಿ ನೋಡಿದೆ. ಮೊದಲ ಹಿಂಗಿರಲಿಲ್ಲ. ಹಳೇದನ್ನ ನೋಡಿ ನಾಚಿದವರು ಇದನ್ನ ಮಾಡ್ಯಾರ ವೈನಿ.”

“ತಗೋಬಹುದಾ?”

“ತಗೋರಿ. ನನಗ ಗಿರಾಕಿ ಕಡಿಮಿ ಆಗ್ತಾರ ಅಷ್ಟ” ಎಂದ. ತಮಾಷೆಗೆ ಹೇಳಿದಂತೆಯೇ ಹೇಳಿದ. ಆದರೆ ಆ ಹೊತ್ತು ಗ್ಯಾರೇಜಿನಲ್ಲಿ ಆ ಒಂದು ಜೀಪು ಬಿಟ್ಟರೆ ಇನ್ನೊಂದು ಗಾಡಿ ಇರಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು.

ಅಪ್ಪನಿಗೆ ಇದೆಲ್ಲ ಹೇಳಿದೆ. ನಗಲಿಲ್ಲ. “ಹುಬ್ಬಳ್ಳಿಗೆ ಯಾವಾಗ ಹೊಂಟೀರಿ? ನಾನೂ ಬರ್ತೇನಿ. ನಿಮ್ಮವ್ವನ್ನೂ ಕರಕೊಂಡು ಬರ್ತೇನಿ” ಎಂದ.

ಶೋರೂಮಿನಲ್ಲಿ ನಮಗೆ ಕಾರು ತೋರಿಸಲು ಬಂದವಳು ಚುರುಕಾದ ಹೆಣ್ಣುಮಗಳು. ಏರ್‌ಬ್ಯಾಗು, ದೊಡ್ಡ ಪರದೆ, ಹಿಂದಿನ ಕ್ಯಾಮೆರಾ ಎಲ್ಲವನ್ನೂ ಹೇಳಿದಳು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಎಲ್ಲಾ ಕೇಳಿ, ಕೊನೆಗೆ, “ತಂಗಿ, ನೀರಿನ ಪೈಪು ಎಲ್ಲೈತಿ?” ಎಂದ.

“ಕೈ ತೊಳ್ಕೋಬೇಕೇನ್ರಿ ಅಜ್ಜಾರ?”

“ಅಲ್ಲವಾ. ಗಾಡಿ ಮ್ಯಾಲ ನೀರು ಬಿಡಬೇಕು.”

“ಗಾಡಿ ಈಗ ತೊಳದ ನಿಲ್ಲಿಸೇವ್ರಿ.”

“ನಾ ತೊಳೀರಿ ಅನ್ನಾಕತ್ತಿಲ್ಲ. ಮಳಿ ಸುರಸ್ರಿ ಅನ್ನಾಕತ್ತೇನಿ. ನಾ ಒಳಗ ಕುಂದರ್ತೇನಿ.”

ನಮ್ಮ ಮನೆಯವರು ಬೇರೆ ಕಡೆ ನೋಡತೊಡಗಿದರು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗು ಬಂತು. ಆ ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಏನು ಅನಿಸಿತೋ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದಳು. ಟೆಸ್ಟ್ ಡ್ರೈವಿನ ಕಾರನ್ನು ಹಿಂದಿನ ತೊಳೆಯುವ ಜಾಗಕ್ಕೆ ಒಯ್ದರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಗಾಜು ಏರಿಸಿಕೊಂಡ. ನಾಲ್ಕೂ ಕಡೆಯಿಂದ ಜೋರಾಗಿ ನೀರು ಬಿಟ್ಟರು. ಇಳಿಯುವ ನೀರಿನ ಆಚೆ ಅಪ್ಪನ ಬಿಳಿ ಟೊಪ್ಪಿಗೆ ಮಸುಕಾಗಿ ಕಾಣುತ್ತಿತ್ತು. ಅವನು ಒಂದು ಕೈಯನ್ನು ಎತ್ತಿ ಗಾಜಿನ ಅಂಚಿನ ಉದ್ದಕ್ಕೂ, ಛಾವಣಿಯ ಒಳಬಟ್ಟೆಯ ಮೇಲೆ, ಬಾಗಿಲ ಮೂಲೆಯಲ್ಲಿ ಆಡಿಸುತ್ತಿದ್ದ. ಸೀರೆಯ ಸೆರಗಿನ ನೇಯ್ಗೆ ನೋಡುವಾಗ ಆಡಿಸುತ್ತಿದ್ದ ಹಾಗೆಯೇ.

ಹೊರಗೆ ಬಂದವನು ಕೈಯನ್ನು ನನ್ನ ಮುಂದೆ ಹಿಡಿದ. ಒಣಗೇ ಇತ್ತು.

ಅಷ್ಟರಲ್ಲಿ ಅವ್ವ ಇನ್ನೊಂದು ಕಾರಿನ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಅದು ಮೆತ್ತಗೆ ಮುಚ್ಚಿಕೊಂಡಿತು. ಅವ್ವ ತಿರುಗಿ, “ಏನ್ರಿ, ಒಂದ ಸಲಕ್ಕ ಮುಚ್ಚಿತಲ್ಲ!” ಎಂದಳು. ಆ ದನಿಯಲ್ಲಿದ್ದ ಸಂತೋಷ ಎಷ್ಟಿತ್ತೆಂದರೆ ಮಾರುವ ಹುಡುಗಿಯೂ ನಕ್ಕುಬಿಟ್ಟಳು. ಯಾವ ಕಾರಿನ ಕಂಪನಿಯೂ ಅಂಥ ಜಾಹೀರಾತು ಮಾಡಿರಲಾರದು.

ಕಾರು ಬಂತು. ಬೂದು ಬಣ್ಣದ್ದು. ಮೊದಲ ಕೆಲವು ತಿಂಗಳು ನಾನು ಬೇರೆಯೇ ಮನುಷ್ಯಳಾಗಿದ್ದೆ. ಬೆಳಿಗ್ಗೆ ಕಾಡಿನೊಳಗೆ ಮಂಜು ಇನ್ನೂ ಇರುವಾಗ ಹೊರಡುತ್ತಿದ್ದೆ. ದಾರಿಯಲ್ಲಿ ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳು ಹತ್ತುತ್ತಿದ್ದಳು. ಮಂಗಟ್ಟೆ ಹಕ್ಕಿ ರಸ್ತೆ ದಾಟಿದರೆ ನಿಲ್ಲಿಸಿ ನೋಡಬಹುದಿತ್ತು. ಬಸ್ಸಿನಲ್ಲಿ ಅದಕ್ಕೆಲ್ಲಿ ಬಿಡುವು? ಲ್ಯಾಬಿನ ಬಾಗಿಲನ್ನು ನಾನೇ ಮೊದಲು ತೆರೆದು, ಬಂದವರನ್ನು ‘ಬರ್ರಿ, ಕುಂದರ್ರಿ’ ಎನ್ನುವ ಸುಖವೇ ಬೇರೆ.

ಆಮೇಲೆ ಮಳೆಗಾಲ ಬಂತು. ಒಂದು ಬೆಳಿಗ್ಗೆ, ಜೋಯಿಡಾ ಇನ್ನೂ ದೂರವಿರುವಾಗ, ಸ್ಟೇರಿಂಗಿನ ಹಿಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ತಿರುವಿಗೆ ಬರುವಷ್ಟರಲ್ಲಿ ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಎರಡೂ ಕೈಯಿಂದ ಎಳೆದು, ಹೇಗೋ ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ನರ್ಸ್ ಅಂದು ರಜೆಯಲ್ಲಿದ್ದಳು. ಫೋನಿಗೆ ಸಿಗ್ನಲ್ ಇಲ್ಲ. ವೈಪರ್ ಮಾತ್ರ ಏನೂ ಆಗಿಲ್ಲವೆಂಬಂತೆ ಆಡುತ್ತಿತ್ತು. ಅಪ್ಪನ ಆ ನಗು ಕಿವಿಯಲ್ಲಿ ಕೇಳಿದಂತಾಯಿತು. ನಿಜ ಹೇಳುತ್ತೇನೆ, ಅಳು ಬಂತು.

ಹತ್ತಿರದ ಮನೆಯಿಂದ ಒಬ್ಬ ಹೆಂಗಸು ಕಂಬಳಿ ಕೊಪ್ಪೆ ಹೊದ್ದು ಬಂದಳು. ಕಾರನ್ನು ನೋಡಿ, ನನ್ನನ್ನು ನೋಡಿ, ಕೊಂಕಣಿಯಲ್ಲಿ, “ಹಾಂವ್ ಪಳಯ್ತಾಂ, ತುಂ ವಚ್” ಎಂದಳು. ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು. ಅಷ್ಟರಲ್ಲಿ ಬಸ್ಸು ಬಂತು. ಹಳೆಯ ಕಂಡಕ್ಟರು ಬಾಗಿಲು ತೆಗೆಯುತ್ತಲೇ, “ಏನ್ರಿ ಮೇಡಂ, ನಮ್ಮನ್ನ ಬಿಟ್ಟಿರಾಕ ಆಗಲಿಲ್ಲೇನು?” ಎಂದರು. ಬಸ್ಸಿನವರೆಲ್ಲ ನಕ್ಕರು. ನಾನೂ ಕಣ್ಣೊರೆಸಿಕೊಂಡು ನಕ್ಕೆ.

ಆಸ್ಪತ್ರೆಯಿಂದ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದೆ. ಮಧ್ಯಾಹ್ನದ ಮೇಲೆ ಎಳೆದೊಯ್ಯುವ ಲಾರಿ ಬಂತು. ಆ ಹೆಂಗಸು ಮಳೆಯಲ್ಲಿ ಲಾರಿಯವನಿಗೆ ಜಾಗ ತೋರಿಸಿ, ಕಾರು ಮೇಲೇರುವ ತನಕ ನಿಂತಿದ್ದಳಂತೆ. ಮನೆಯವರಿಗೆ ಮಾತ್ರ ಹೇಳಿದೆ. ಅಪ್ಪನಿಗೆ ಹೇಳಬೇಡಿ ಎಂದೆ.

ನಾಲ್ಕು ದಿನವಾದರೂ ಸುದ್ದಿ ಇಲ್ಲ. ಕೊನೆಗೆ ಸರ್ವಿಸ್ ಸೆಂಟರಿನಿಂದ ಒಬ್ಬರು ಫೋನು ಮಾಡಿದರು. “ಮೇಡಂ, ನಿಮ್ಮ ಗಾಡಿಗೆ ಇಲಿ ಹೊಕ್ಕೈತ್ರಿ. ವೈರು ಕಡಿದೈತಿ. ಇಲಿ ಕಡಿದದ್ದು ವಾರಂಟಿಯೊಳಗ ಬರಂಗಿಲ್ಲ. ಸ್ಟೇರಿಂಗ್ ಮೋಟಾರ್ ನೀವ ಹಾಕಿಸ್ಕೋಬೇಕಾಗತೈತಿ.”

ವಾರಂಟಿ ಪುಸ್ತಕ ತೆಗೆದು ಓದಿದೆ. ಇಲಿಯ ಮಾತು ನಿಜವೇ ಇತ್ತು. ಆದರೆ ಮನಸ್ಸು ಒಪ್ಪಲಿಲ್ಲ. ಮಾರನೆಯ ದಿನವೇ ಹುಬ್ಬಳ್ಳಿಗೆ ಹೋಗಬೇಕೆಂದು ರಜೆ ಹಾಕಿದೆ. ಭಾಯಿ ತಾನೂ ಬರುತ್ತೇನೆಂದು ಗ್ಯಾರೇಜು ಮುಚ್ಚಿ ಬಂದ.

ಸರ್ವಿಸ್ ಸೆಂಟರಿನ ಬಾಗಿಲಲ್ಲಿ ಅಪ್ಪ ನಿಂತಿದ್ದ. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತ್ರ, ಕಂಕುಳಲ್ಲಿ ಚೀಲ. ನಮ್ಮ ಮನೆಯವರು ಅವ್ವನಿಗೆ ಹೇಳಿದ್ದರು. ಅವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

“ಅಪ್ಪಾ, ನೀ ಯಾಕ ಬರಾಕ ಹ್ವಾದಿ…”

“ನಡಿ ಒಳಗ” ಎಂದ. ‘ನಾ ಹೇಳಿದ್ನಲ್ಲ’ ಅನ್ನುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲೇ ಇಲ್ಲ.

ಒಳಗೆ ಮೇಜಿನ ಹಿಂದಿದ್ದವರು ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ನಾನು, “ಇಲಿ ಕಡಿದ ವೈರು ತೋರಿಸ್ರಿ. ಕಣ್ಣಾರೆ ನೋಡಿದ್ರ ನಾನ ರೊಕ್ಕ ಕೊಡ್ತೇನಿ” ಎಂದೆ. ದಿನಾ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಬರೆಯುವವಳಿಗೆ, ನೋಡದೆ ಒಪ್ಪುವುದು ಆಗದ ಮಾತು. ಅವರು ಗಿರಾಕಿಗಳು ವರ್ಕ್‌ಶಾಪಿನ ಒಳಗೆ ಬರುವಂತಿಲ್ಲ ಎಂದರು. ಭಾಯಿ ಏನೋ ಹೇಳಲು ಹೋದ. ಅಪ್ಪ ಕೈ ಅಡ್ಡ ಹಿಡಿದ.

“ತಮ್ಮಾ, ನಾ ಒಂದು ಮಾತು ಕೇಳ್ತೇನಿ. ಸಿಟ್ಟಿಲ್ಲ. ನಂದೂ ಅಂಗಡಿ ಇತ್ತು. ನಿಮ್ಮ ಕಂಪನಿ ಗಾಡಿ ಒಮ್ಮೆ ತಗೊಂಡು ಊರ ಮಂದಿ ಕಡೆ ನಗಸ್ಕೊಂಡೇನಿ. ಈ ನನ್ನ ಮಗಳು ನಿಮ್ಮ ಕಂಪನಿ ಸುಧಾರಿಸೈತಿ ಅಂತ ನಂಬಿ, ನನ್ನ ಮಾತು ಮೀರಿ ಇದನ್ನ ತಗೊಂಡಾಳ. ಆಕಿ ನಂಬ್ಯಾಳ. ಸುಧಾರಿಸೇವಿ ಅಂತ ನೀವ ನಂಬಾಕ ತಯಾರಿಲ್ಲೇನು?”

ಅಪ್ಪ ದನಿ ಏರಿಸಿರಲಿಲ್ಲ. ಪಕ್ಕದ ಕುರ್ಚಿಗಳಲ್ಲಿ ಕೂತವರು ಮಾತು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು.

“ಗಾಡಿ ಕೆಡತೈತಿ” ಎಂದು ಅಪ್ಪ ಮುಂದುವರಿಸಿದ. “ಬಟ್ಟಿನೂ ಬಣ್ಣ ಬಿಡತೈತಿ. ಅದು ತಪ್ಪಲ್ಲ. ಕೆಟ್ಟಾಗ ನೀವು ಹೆಂಗ ಮಾತಾಡ್ತೀರಿ ಅನ್ನೂದರ ಮ್ಯಾಲ ಮಂದಿ ಮತ್ತ ಬರ್ತಾರ.”

ಒಳಗಿನ ಕೋಣೆಯಿಂದ ಒಬ್ಬ ಹೆಂಗಸು ಹೊರಗೆ ಬಂದರು. ಅವರು ಅಲ್ಲಿಯ ಮುಖ್ಯಸ್ಥೆ. ಎಲ್ಲ ಕೇಳಿಸಿಕೊಂಡಿದ್ದರು. “ಬರ್ರಿ, ಎಲ್ಲಾರೂ ಕೂಡಿ ನೋಡೂಣು” ಎಂದು ನಮ್ಮನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಬಾನೆಟ್ಟು ಎತ್ತಿಸಿದರು. ಒಂದು ವೈರಿನ ಹೊದಿಕೆ ಸವೆದಿತ್ತು, ನಿಜ. ಆದರೆ ಅದು ಸ್ಟೇರಿಂಗಿಗೆ ಹೋಗುವ ವೈರಲ್ಲ, ಒಳಗಿನ ತಾಮ್ರಕ್ಕೆ ಏನೂ ಆಗಿರಲಿಲ್ಲ. ಭಾಯಿ ಅದನ್ನು ಬೆರಳಲ್ಲಿ ತೋರಿಸಿದ. ಅಲ್ಲಿಯ ಮೆಕ್ಯಾನಿಕ್ಕೂ ತಲೆಯಾಡಿಸಿದ. ಆಕೆ ಮೋಟಾರನ್ನು ಬಿಚ್ಚಿ ಬೇರೆಯಾಗಿ ಪರೀಕ್ಷೆ ಮಾಡಿ ಎಂದರು. ನಾನು, ಅಪ್ಪ ಹೊರಗೆ ಕೂತು ಚಹಾ ಕುಡಿದೆವು, ಭಾಯಿ ಅಲ್ಲೇ ನಿಂತು ನೋಡಿದ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ದೋಷ ಮೋಟಾರಿನ ಒಳಗೇ ಇತ್ತು. ಪೂರಾ ಹೊಸದು, ವಾರಂಟಿಯಲ್ಲೇ.

ಮೇಜಿನ ಹಿಂದಿದ್ದವರು ಬಂದು, “ವೈರು ನೋಡಿದ ಕೂಡಲೇ ಇಲಿ ಅಂತ ಬರದ್ವಿ ಮೇಡಂ. ಇನ್ನೊಂದು ಸಲ ನೋಡಬೇಕಿತ್ತು” ಎಂದರು. ಅವರ ಮುಖ ಸಣ್ಣಗಾಗಿತ್ತು. ಅಪ್ಪ ಅವರ ಭುಜ ತಟ್ಟಿದ.

ಅಪ್ಪ ಮುಂಡಗೋಡದ ಬಸ್ಸು ಹತ್ತುವ ಮೊದಲು ನಾವಿಬ್ಬರೂ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಸುತ್ತ ಗದ್ದಲ. ನಾನು ತಡೆಯಲಾರದೆ ಕೇಳಿದೆ.

“ಅಪ್ಪಾ, ನಾ ಈ ಗಾಡಿ ತಗೊಂಡದ್ದು ತಪ್ಪೇನು?”

ಅವನು ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ.

“ಅವತ್ತ ನನಗೂ ಯಾರರ ‘ಬರ್ರಿ, ನೋಡೂಣು’ ಅಂದಿದ್ರ, ನಾ ಆ ಗಾಡಿ ಮಾರತಿರಲಿಲ್ಲವಾ” ಎಂದ.

ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಇಷ್ಟು ವರ್ಷ ಅಪ್ಪನಿಗೆ ಇದ್ದದ್ದು ಬರೀ ಸಿಟ್ಟು ಎಂದುಕೊಂಡಿದ್ದೆ.

ಆ ಕಾರಿಗೆ ಈಗ ಕೆಲವು ಮಳೆಗಾಲಗಳಾದವು. ಮತ್ತೆ ಏನೂ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಬಾಗಿಲಲ್ಲಿ ಒಂದು ಕಿರಕಿರ ಸದ್ದು ಶುರುವಾಗಿದೆ, ಮಣ್ಣಿನ ರಸ್ತೆಯಲ್ಲಿ ಹೆಚ್ಚಾಗುತ್ತದೆ. ಮುಂದಿನ ಪರದೆ ಒಮ್ಮೊಮ್ಮೆ ತಾನೇ ಆರಿಹೋಗಿ ತಾನೇ ಹತ್ತುತ್ತದೆ. ಆದರೆ ನನ್ನನ್ನು ಅದು ದಾರಿಯಲ್ಲಿ ಮತ್ತೆ ಬಿಟ್ಟಿಲ್ಲ. ಆ ಬೆಲೆಗೆ ಇಷ್ಟು ಸಾಕೇ ಎಂದು ಯಾರಾದರೂ ಕೇಳಿದರೆ ಸಾಕು ಎನ್ನುತ್ತೇನೆ. ಗಾಡಿ ಗಟ್ಟಿಯಾಗಿದೆ ಎಂಬುದಕ್ಕಷ್ಟೇ ಅಲ್ಲ, ಕೆಟ್ಟಾಗ ಬಾಗಿಲು ತೆರೆಯುತ್ತಾರೆ ಎಂಬುದಕ್ಕೂ. ಸ್ವಲ್ಪ ಬಡಿಯಬೇಕಾಗುತ್ತದೆ, ಅಷ್ಟೇ. ಹುಬ್ಬಳ್ಳಿಯಂತೂ ಹತ್ತಿರ ಬಂದಿಲ್ಲ.

ಭಾಯಿಯ ಗ್ಯಾರೇಜಿಗೆ ಒಂದು ಹೊಸ ಯಂತ್ರ ಬಂದಿದೆ, ಅಂಗೈಯಷ್ಟು ದೊಡ್ಡದು. ಕಾರಿಗೆ ಚುಚ್ಚಿದರೆ ಒಳಗೆ ಎಲ್ಲಿ ದೋಷವಿದೆ ಎಂದು ತೋರಿಸುತ್ತದೆ. ಹುಬ್ಬಳ್ಳಿಯಲ್ಲಿ ಆ ದಿನ ಮೋಟಾರಿನ ಪರೀಕ್ಷೆ ನೋಡಿದ ಮೇಲೆ ಅವನಿಗೆ ಅದರ ಹುಚ್ಚು ಹಿಡಿದಿತ್ತು. ಅದರಲ್ಲಿ ಬರುವುದೆಲ್ಲ ಇಂಗ್ಲಿಷ್. ರಜೆಯ ದಿನ ನಾನು ಹೋಗಿ ಕೂತು ಓದಿ ಹೇಳುತ್ತೇನೆ, ಅವನು ಉರ್ದುವಿನಲ್ಲಿ ಬರೆದುಕೊಳ್ಳುತ್ತಾನೆ. ಈಗ ವಾರಂಟಿ ಮುಗಿದ ಹೊಸ ಮಾದರಿಗಳು ಒಂದೊಂದಾಗಿ ಅವನ ಕಡೆ ಬರತೊಡಗಿವೆ. ಗುಂಡಿಯ ಮೇಲೆ ಯಾವಾಗಲೂ ಒಂದು ಗಾಡಿ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಅವ್ವ ದಾಂಡೇಲಿಗೆ ಬಂದಿದ್ದರು. ಅವರನ್ನು ನದಿ ದಂಡೆಯ ಮೌಳಂಗಿಗೆ ಕರೆದುಕೊಂಡು ಹೋದೆ. ಅವ್ವ ನದಿಯಲ್ಲಿ ಕಾಲಿಳಿಬಿಟ್ಟು ಕೂತಳು, ಎಬ್ಬಿಸಿದರೂ ಏಳಲೊಲ್ಲಳು. ಅಪ್ಪ ಕಾರಿನ ಹತ್ತಿರವೇ ನಿಂತಿದ್ದ. ಯಾರೋ ಒಬ್ಬರು, ಅವರೂ ಕಾರು ಕೊಳ್ಳುವ ಯೋಚನೆಯಲ್ಲಿದ್ದವರು, ಬಂದು “ಹೆಂಗೈತ್ರಿ ಯಜಮಾನ್ರ, ಈ ಗಾಡಿ?” ಎಂದು ಕೇಳಿದರು. ನಾನು ಕಿವಿಗೊಟ್ಟೆ.

“ನನ್ನ ಮಗಳದು. ಇಲ್ಲೀತನಕ ಚಲೋ ಐತಿ” ಎಂದ ಅಪ್ಪ. ಆಮೇಲೆ, “ತಗೋರಿ ಅಂತ ನಾ ಹೇಳಂಗಿಲ್ಲ. ಹೋಗಿ ಕುಂತು ನೋಡ್ರಿ. ವಾರಂಟಿ ಪುಸ್ತಕ ಪೂರಾ ಓದ್ರಿ, ಸಣ್ಣ ಅಕ್ಷರನೂ ಬಿಡಬ್ಯಾಡ್ರಿ” ಎಂದ.

ಹೋದ ತಿಂಗಳು ಅಪ್ಪನ ಫೋನು ಬಂತು. ನಮ್ಮ ಕಾಕಾನ ಮಗಳಿಗೆ ಹಳಿಯಾಳದ ಶಾಲೆಗೆ ವರ್ಗವಾಗಿತ್ತು, ಕಾರು ಬೇಕೆನ್ನುತ್ತಿದ್ದಳು. ಅಪ್ಪನೇ ಅವಳ ಜೊತೆ ಹುಬ್ಬಳ್ಳಿಗೆ ಹೋಗಿದ್ದನಂತೆ. ನಾವು ಕಾರು ಕೊಂಡ ಅದೇ ಶೋರೂಮಿನೊಳಗಿಂದ ಮಾತಾಡುತ್ತಿದ್ದ, ಹಿಂದೆ ಅವಳು ನಗುವ ಸದ್ದು ಕೇಳುತ್ತಿತ್ತು.

“ಏನವಾ, ಕೆಂಪು ಚಲೋನೋ, ನೀಲಿ ಚಲೋನೋ?” ಎಂದು ಕೇಳಿದ.

ನಾನು ನೀಲಿ ಎಂದೆ.

“ನನಗೂ ನೀಲೀನ ಮನಸಿಗೆ ಬಂದೈತಿ” ಎಂದ.